ಮನಸ್ಸಿನ ಕದ ತಟ್ಟುವ ಪರಪುರುಷ



ಈ ತಿಂಗಳು ಮಕ್ಕಳ ಪರೀಕ್ಷೆಯ ಭಯದ ಬಗ್ಗೆ ಬರೆಯುವುದೆಂದು ನಿರ್ಧರಿಸಿದ್ದೆ. ಅರ್ಧ ಪುಟ ಬರೆದೂ ಆಗಿತ್ತು. ಅಷ್ಟರಲ್ಲಿ ನಡೆದ ಒಂದು ಭೇಟಿಯಿಂದ ಆ ವಿಷಯವನ್ನು ಬದಿಗಿಡಬೇಕಾಯಿತು. ಮಕ್ಕಳ ಪರೀಕ್ಷೆ ಪ್ರತಿ ವರ್ಷ ಬರುತ್ತದೆ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಹೆಂಗಸರು ಮಾತ್ರ ಹತ್ತು ವರ್ಷಕ್ಕೊಬ್ಬರು.

ಮಳವಳ್ಳಿಯಲ್ಲಿ ಭಾನುವಾರ ನಡೆಯುವ ನಮ್ಮ ಹೆಂಗಸರ ತರಗತಿ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬಾಕೆ ಚಾಪೆ ಮಡಚುವ ನೆಪದಲ್ಲಿ ಹಿಂದೆ ಉಳಿದಳು. ಮದ್ದೂರಿನವಳು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಗಂಡ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಉತ್ತರದ ಕಡೆಗೆ ಹೋಗುವ ಲಾರಿಯ ಚಾಲಕ. ಹೋದರೆ ಹತ್ತು ಹನ್ನೆರಡು ದಿನ ಪತ್ತೆಯಿಲ್ಲ. ಬಂದರೆ ಎರಡು ದಿನ ನಿದ್ದೆ. (ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.)

“ಆಪಾ, ಒಂದು ಮಸಲಾ ಕೇಳಬೇಕಿತ್ತು. ನನ್ನ ನಮಾಝ್ ಕಬೂಲ್ ಆಗುತ್ತಾ?” ಎಂದಳು.

ಯಾಕಾಗಬಾರದು ಎಂದು ಕೇಳಿದೆ. ಚಾಪೆಯ ಅಂಚನ್ನು ಸುರುಳಿ ಸುತ್ತುತ್ತಾ, ನನ್ನ ಮುಖ ನೋಡದೆಯೇ ಹೇಳಿದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ ಫೋನಿನಲ್ಲಿ ಕಂತುಕತೆ ಓದುವ ಅಭ್ಯಾಸ. ಮದುವೆಯಾದ ಹೆಣ್ಣನ್ನು ಇನ್ನೊಬ್ಬ ಮೆಚ್ಚುವ ಕತೆ, ಮೈದುನ ಅತ್ತಿಗೆಯ ಕತೆ, ಮ್ಯಾನೇಜರ್ ಕತೆ. ಮೊದಮೊದಲು ಛೀ ಎನಿಸುತ್ತಿತ್ತು. ಆಮೇಲೆ ಮುಂದಿನ ಕಂತು ಯಾವಾಗ ಬರುತ್ತದೆ ಎಂದು ಕಾಯುವಂತಾಯಿತು. ಈಗ ಕತೆ ಓದದಿದ್ದರೂ ರಾತ್ರಿ ಮಕ್ಕಳು ಮಲಗಿದ ಮೇಲೆ ಯಾರೋ ಒಬ್ಬ ಮನಸ್ಸಿಗೆ ಬರುತ್ತಾನೆ. ರುಕೂವಿನಲ್ಲೂ ಬಂದುಬಿಡುತ್ತಾನೆ.

“ಯಾರಮ್ಮಾ ಅವನು? ನಿನಗೆ ಗೊತ್ತಿರುವವನಾ?”

“ಇಲ್ಲ ಆಪಾ. ಅವನಿಗೆ ಮುಖವೇ ಇಲ್ಲ. ಮಾತು ಮಾತ್ರ. ‘ಊಟ ಆಯ್ತಾ’ ಅಂತ ಕೇಳ್ತಾನೆ.”

ನಾನು ಬೇರೇನನ್ನೋ ಕೇಳಲು ಸಿದ್ಧಳಾಗಿದ್ದೆ. ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ. ಗಂಡ ಶುಕ್ರವಾರ ಬರುತ್ತಾನೆ, ಅವನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ, ತಲಾಕ್ ಕೊಟ್ಟರೂ ಸರಿ, ಪಾಪ ಹೊತ್ತುಕೊಂಡು ಬದುಕಲಾರೆ ಎಂದು ಅಳತೊಡಗಿದಳು.

ಸಹೋದರಿಯರೇ, ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ ಮಂಡ್ಯದಲ್ಲಿ ಇನ್ನೊಬ್ಬ ಹೆಣ್ಣುಮಗಳು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ನನ್ನ ಬಳಿ ಕೇಳಿದ್ದಳು. ಆಗ ನನಗೆ ಮದ್ರಸಾದ ಪಾಠ ಹಸಿಯಾಗಿತ್ತು, ವಯಸ್ಸೂ ಚಿಕ್ಕದು. ಉತ್ತರ ಗೊತ್ತಿದೆ ಎಂಬ ಜಂಬ ಬೇರೆ. ಕಣ್ಣಿನ ವ್ಯಭಿಚಾರ, ಮನಸ್ಸಿನ ವ್ಯಭಿಚಾರ, ನರಕದ ಬೆಂಕಿ ಎಂದು ಕಾಲು ಗಂಟೆ ಉಪದೇಶ ಮಾಡಿದೆ. ಆಕೆ ಮತ್ತೆ ತರಗತಿಗೆ ಬರಲಿಲ್ಲ. ಎರಡು ವರ್ಷದ ನಂತರ ಒಂದು ಮದುವೆ ಮನೆಯಲ್ಲಿ ಅವಳ ಅಕ್ಕ ಸಿಕ್ಕಿದಾಗ ತಿಳಿಯಿತು: ತಾನು ಮುನಾಫಿಕ್ ಎಂದು ನಂಬಿಕೊಂಡು ನಮಾಝನ್ನೇ ಬಿಟ್ಟಿದ್ದಳು. ದಿನಕ್ಕೆ ಎಷ್ಟೋ ಸಲ ಸ್ನಾನ ಮಾಡುತ್ತಿದ್ದಳು. ಮಕ್ಕಳನ್ನು ಮುಟ್ಟಲೂ ಹೆದರುತ್ತಿದ್ದಳು. ಕೊನೆಗೆ ಮೈಸೂರಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದರಂತೆ. ಆ ಅಕ್ಕ ನನ್ನನ್ನು ದೂರಲಿಲ್ಲ. ದೂರಿದ್ದರೆ ಸುಲಭವಾಗುತ್ತಿತ್ತು.

ನಾನು ಅಂದು ಹೇಳಿದ ಮಾತಿಗೆ ಆಧಾರವೇ ಇರಲಿಲ್ಲವೆಂದಲ್ಲ. ಕಣ್ಣಿಗೂ ಮನಸ್ಸಿಗೂ ಪಾಲಿದೆ ಎಂಬ ಹದೀಸ್ ಇದೆ. ಆದರೆ ಅದೇ ಬುಖಾರಿ, ಮುಸ್ಲಿಮ್‌ಗಳಲ್ಲಿ ಇನ್ನೊಂದು ಹದೀಸ್ ಕೂಡ ಇದೆಯಲ್ಲ? ನನ್ನ ಸಮುದಾಯದವರ ಮನಸ್ಸಿನಲ್ಲಿ ಸುಳಿಯುವುದನ್ನು, ಅದನ್ನು ಅವರು ಆಡುವ ಅಥವಾ ಮಾಡುವ ತನಕ, ಅಲ್ಲಾಹನು ಮನ್ನಿಸಿದ್ದಾನೆ ಎಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಮತ್ತೊಮ್ಮೆ ಕೆಲವು ಸಹಾಬಿಗಳು ಬಂದು, ಬಾಯಿಬಿಟ್ಟು ಹೇಳಲೂ ಭಯವಾಗುವಂಥ ಯೋಚನೆಗಳು ನಮ್ಮೊಳಗೆ ಬರುತ್ತವೆ ಎಂದು ಅಲವತ್ತುಕೊಂಡರು. ಪ್ರವಾದಿ(ಸ)ಯವರು ಗದರಿಸಲಿಲ್ಲ. ಅದು ಸ್ಪಷ್ಟ ಈಮಾನ್ ಎಂದರು. ಅಂದರೆ ಆ ಯೋಚನೆಯನ್ನು ಕಂಡು ನಿಮಗಾಗುವ ಭಯವೇ ನಿಮ್ಮ ವಿಶ್ವಾಸದ ಸಾಕ್ಷಿ ಎಂದು ವಿದ್ವಾಂಸರು ವಿವರಿಸಿದ್ದಾರೆ. ಈ ಎರಡನ್ನೂ ನಾನು ಓದಿದ್ದೆ. ಅಂದು ಬಾಯಿಗೆ ಬಂದಿದ್ದು ಮಾತ್ರ ಬೆಂಕಿ.

ಮನಶ್ಶಾಸ್ತ್ರ ಇದನ್ನೇ ಇನ್ನೊಂದು ದಾರಿಯಲ್ಲಿ ಕಂಡುಕೊಂಡಿದೆ. ಅಮೆರಿಕದ ಡೇನಿಯಲ್ ವೆಗ್ನರ್ ಎಂಬ ಸಂಶೋಧಕರು 1987ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರನ್ನು ಕೋಣೆಯಲ್ಲಿ ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಮೇಲಿಂದ ಮೇಲೆ ಬಾರಿಸಿತು. ಅಷ್ಟೇ ಅಲ್ಲ, ಆಮೇಲೆ ಈಗ ಬೇಕಾದರೆ ಯೋಚಿಸಿ ಎಂದಾಗ, ಮೊದಲು ತಡೆಹಿಡಿದಿದ್ದವರಿಗೆ ಉಳಿದವರಿಗಿಂತಲೂ ಹೆಚ್ಚಾಗಿ ಕರಡಿ ನೆನಪಾಯಿತು. ಒಲ್ಲೆ ಒಲ್ಲೆ ಎಂದು ತಳ್ಳಿದಷ್ಟೂ ಅದು ಕದ ತಟ್ಟುತ್ತದೆ. ಮಂಡ್ಯದ ಆ ಹೆಣ್ಣುಮಗಳಿಗೆ ನಾನು ಮಾಡಿದ್ದು ಇದನ್ನೇ. ಅವಳ ಕೈಗೆ ಒಂದು ಗಂಟೆ ಕೊಟ್ಟು ಕಳಿಸಿದ್ದೆ.

ಗುಟ್ಟಿಗೂ ಇಂಥದೇ ಶಕ್ತಿಯಿದೆ. ಇದೇ ವೆಗ್ನರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತ ಜೋಡಿಗಳನ್ನು ಇಸ್ಪೀಟು ಆಟಕ್ಕೆ ಕೂರಿಸಿ, ಮೇಜಿನ ಕೆಳಗೆ ಕಾಲಿಗೆ ಕಾಲು ತಾಗಿಸಿಕೊಂಡಿರುವಂತೆ ಹೇಳಿದರು. ಅದನ್ನು ಎದುರಿನವರಿಂದ ಮುಚ್ಚಿಟ್ಟವರಿಗೆ, ಮುಚ್ಚಿಡದವರಿಗಿಂತ ಪರಸ್ಪರ ಹೆಚ್ಚು ಆಕರ್ಷಣೆ ಹುಟ್ಟಿತ್ತು. (ಇಂಥ ಪ್ರಯೋಗಕ್ಕೆ ಜನ ಒಪ್ಪುತ್ತಾರಲ್ಲ ಎಂಬುದೇ ನನಗೆ ಆಶ್ಚರ್ಯ!) ಆ ಮನುಷ್ಯನಲ್ಲಿ ವಿಶೇಷವೇನೂ ಇರಲಿಲ್ಲ. ಸಿಕ್ಕಿಬೀಳುವ ಭಯಕ್ಕೆ ಎದೆ ಬಡಿದುಕೊಳ್ಳುತ್ತದೆ, ಅದನ್ನೇ ನಾವು ಪ್ರೀತಿಯ ಬಡಿತವೆಂದು ಓದಿಕೊಳ್ಳುತ್ತೇವೆ. ಕಂತುಕತೆ ಬರೆಯುವವರಿಗೆ ಈ ಪ್ರಯೋಗದ ಹೆಸರು ಗೊತ್ತಿಲ್ಲದಿರಬಹುದು, ಕಸುಬು ಮಾತ್ರ ಚೆನ್ನಾಗಿ ಗೊತ್ತು. ಬಾಗಿಲು ಅರ್ಧ ತೆರೆದಿರುವಾಗ, ಅತ್ತೆಯ ಹೆಜ್ಜೆ ಸಪ್ಪಳ ಕೇಳುವಾಗ ಕಂತು ಮುಗಿಯುತ್ತದೆ.

ಇದೆಲ್ಲ ಮೊಬೈಲ್ ಬಂದ ಮೇಲೆ ಹುಟ್ಟಿದ ಕೇಡು ಎಂದು ಹೇಳುವವರಿದ್ದಾರೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಓದುವಾಗ ನಾನು ಮೊದಲ ಸಲ ಜನ್ನ ಕವಿಯ ‘ಯಶೋಧರ ಚರಿತೆ’ಯ ಕತೆ ತಿಳಿದೆ. ನಮ್ಮ ಈ ಸೀಮೆಯನ್ನೂ ಹೊಯ್ಸಳರು ಆಳುತ್ತಿದ್ದ ಕಾಲ, ಸುಮಾರು 1209ರ ಕೃತಿ. ಅದರಲ್ಲಿ ಅಮೃತಮತಿ ಎಂಬ ರಾಣಿ. ರೂಪವಂತನಾದ ರಾಜನೇ ಗಂಡ, ಸಂಪತ್ತಿಗೆ ಕೊರತೆಯಿಲ್ಲ. ಒಂದು ದಿನ ಬೆಳಗಿನ ಜಾವ ಆನೆಯ ಮಾವುತನೊಬ್ಬ ಹಾಡುವುದು ಅವಳ ಕಿವಿಗೆ ಬೀಳುತ್ತದೆ. ಮುಖ ನೋಡಿಲ್ಲ, ಧ್ವನಿ ಮಾತ್ರ ಕೇಳಿದ್ದಾಳೆ. ಮನಸ್ಸು ಹೋಗಿಯೇಬಿಟ್ಟಿತು. ಆಮೇಲೆ ನೋಡಿದರೆ ಅವನು ಅಷ್ಟಾವಂಕ, ಅಂಕುಡೊಂಕಾದ ಮೈಯ ಕುರೂಪಿ. ಆದರೂ ಅವಳು ಹಿಂದೆ ಸರಿಯಲಿಲ್ಲ. ತರಗತಿಯಲ್ಲಿ ಎಲ್ಲರೂ ಇಂಥ ಗಂಡನನ್ನು ಬಿಟ್ಟು ಅವನ ಬಳಿ ಹೋದಳೇ ಎಂದು ನಕ್ಕರು. ನಾನೂ ನಕ್ಕಿದ್ದೆ. ಮದ್ದೂರಿನ ಹೆಣ್ಣುಮಗಳು “ಮುಖವೇ ಇಲ್ಲ ಆಪಾ, ಮಾತು ಮಾತ್ರ” ಎಂದಾಗ ನನಗೆ ತಟ್ಟನೆ ನೆನಪಾಗಿದ್ದು ಎಂಟು ನೂರು ವರ್ಷ ಹಿಂದಿನ ಆ ರಾಣಿ.

ಆ ಕಾವ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆಂಡತಿಯನ್ನು ಕಣ್ಣಾರೆ ಕಂಡ ರಾಜ ಕತ್ತಿ ಹಿರಿದರೂ ತಡೆದುಕೊಳ್ಳುತ್ತಾನೆ. ತಾಯಿಗೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ತಾಯಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿ ಮಾಡಿ ಅದನ್ನು ಬಲಿ ಕೊಡುತ್ತಾರೆ. ಅದೂ ಸಂಕಲ್ಪದಿಂದ ಮಾಡಿದ ಹಿಂಸೆಯೇ ಆಯಿತೆಂದು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ನೋಯುತ್ತಾರೆ. ಅದು ಜೈನ ಧರ್ಮದ ಕಾವ್ಯ, ಅದರ ತತ್ವವನ್ನು ವಿವರಿಸಲು ನಾನು ಯೋಗ್ಯಳಲ್ಲ. ಆದರೆ ಒಂದು ಮಾತು ನನಗೆ ಹೊಳೆಯಿತು: ಅಲ್ಲಿ ಯೋಚನೆ ಬರೀ ಯೋಚನೆಯಾಗಿ ಉಳಿದಿರಲಿಲ್ಲ. ಹಿಟ್ಟು ಕಲಸಿದರು, ಕೋಳಿಯ ಆಕಾರ ಮಾಡಿದರು, ಕೈಯಲ್ಲಿ ಕತ್ತಿ ಹಿಡಿದರು. ಸುಳಿದುಹೋದ ಯೋಚನೆಗೂ ಕೂತು ಹಿಟ್ಟು ಕಲಸುವುದಕ್ಕೂ ವ್ಯತ್ಯಾಸವಿದೆ. ನಮ್ಮ ಇಮಾಮರೂ ಮನಸ್ಸಿಗೆ ತಾನಾಗಿ ಬಂದದ್ದು, ಮನಸ್ಸು ಹೊರಳಾಡಿಸಿದ್ದು, ಮಾಡಿಯೇ ತೀರುತ್ತೇನೆಂದು ಗಟ್ಟಿ ಮಾಡಿಕೊಂಡದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಬೇರೆ ಮಾಡಿದ್ದಾರೆ.

ಇನ್ನು ಸೂರಃ ಯೂಸುಫ್. ಹೆಣ್ಣುಮಕ್ಕಳಿಗೆ ಈ ಸೂರಃ ಕಲಿಸಬಾರದು ಎಂಬ ಮಾತೊಂದು ನಮ್ಮ ಹಿರಿಯರ ಬಾಯಲ್ಲಿ ಓಡಾಡುತ್ತಿತ್ತು. ಅದಕ್ಕೆ ನಂಬಬಹುದಾದ ಆಧಾರವಿಲ್ಲ. ಅಲ್ಲಾಹನೇ ಅತ್ಯುತ್ತಮ ಕಥಾನಕವೆಂದು ಕರೆದದ್ದನ್ನು ಹೆಣ್ಣುಮಕ್ಕಳಿಂದ ಬಚ್ಚಿಡಲು ನಾವು ಯಾರು? ಅಝೀಝನ ಪತ್ನಿ ಬಾಗಿಲು ಮುಚ್ಚಿದ್ದನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಆದರೆ ಅವಳ ಹೆಸರನ್ನು ಹೇಳುವುದಿಲ್ಲ. ಝುಲೈಖಾ ಎಂಬ ಹೆಸರು ಬಂದದ್ದು ನಂತರದ ಕಥನಗಳಿಂದ. ಅವಳನ್ನು ಆಡಿಕೊಂಡ ಊರಿನ ಹೆಂಗಸರು ಯೂಸುಫ್(ಅ)ರನ್ನು ಕಂಡೊಡನೆ ತಮ್ಮ ಕೈಗಳನ್ನೇ ಕೊಯ್ದುಕೊಂಡರು. ಪರರ ಮನೆಯ ಸುದ್ದಿಯನ್ನು ಬಾಯಿ ಚಪ್ಪರಿಸಿ ಹೇಳುವವರು ಆ ಭಾಗವನ್ನು ಎರಡು ಸಲ ಓದಬೇಕು. ಮನಸ್ಸು ಕೆಡುಕಿಗೆ ಪ್ರೇರೇಪಿಸುವಂಥದು, ನಾನು ನಿರ್ದೋಷಿ ಎನ್ನುವುದಿಲ್ಲ ಎಂಬ ಮಾತು ಅದೇ ಸೂರಃದಲ್ಲಿ ಬರುತ್ತದೆ. ಅದು ಯೂಸುಫ್(ಅ)ರ ಮಾತೆಂದು ಕೆಲವು ವ್ಯಾಖ್ಯಾನಕಾರರು, ಆ ಹೆಣ್ಣಿನ ಮಾತೇ ಎಂದು ಇಬ್ನು ಕಸೀರ್ ಮೊದಲಾದವರು. ಎರಡನೆಯದು ನಿಜವಾದರೆ ಜಾರಿದ ಹೆಣ್ಣೊಬ್ಬಳ ಪಶ್ಚಾತ್ತಾಪದ ಮಾತನ್ನು ನಾವು ನಮಾಝಿನಲ್ಲಿ ಓದುತ್ತಿದ್ದೇವೆ. ನಮ್ಮ ಬಿಜಾಪುರದಲ್ಲಿ 17ನೇ ಶತಮಾನದ ಕೊನೆಯಲ್ಲಿ ಹಾಶ್ಮಿ ಎಂಬ ಅಂಧ ಕವಿ ಈ ಕತೆಯನ್ನು ದಖ್ಖನಿಯಲ್ಲಿ ಮಸ್ನವಿಯಾಗಿ ಬರೆದ. ನಮ್ಮ ಅಜ್ಜಿಯರ ಮನೆಮಾತಿನಲ್ಲೇ ಬರೆದ ಎಂದಂತಾಯಿತು.

ನನ್ನ ತಾಯಿಯ ಕಾಲಕ್ಕೆ ದೆಹಲಿಯಿಂದ ಬರುವ ‘ಖಾತೂನೆ ಮಶ್ರಿಖ್’ ಮಾಸಿಕವಿತ್ತು. ನನ್ನ ಕಾಲಕ್ಕೆ ಬಾಡಿಗೆ ಲೈಬ್ರರಿಯ ಕಾದಂಬರಿಗಳು. ಅರಬ್ಬಿ ವ್ಯಾಕರಣದ ಪುಸ್ತಕದ ಮಧ್ಯೆ ಇಟ್ಟು ನಾನು ತ್ರಿವೇಣಿಯವರ ‘ಶರಪಂಜರ’ ಓದಿದ್ದೇನೆ. ತ್ರಿವೇಣಿಯವರು ಮಂಡ್ಯದಲ್ಲಿ ಬೆಳೆದವರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವರು. 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಆ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅಭಿನಯಿಸಿದರು. ಚಿತ್ರದಲ್ಲಿ ಮದುವೆಗೆ ಮೊದಲಿನ ಒಂದು ಘಟನೆಯ ಅಪರಾಧಭಾವ ಕಾವೇರಿಯ ಮನಸ್ಸಿನ ತಳದಲ್ಲಿ ಕೂತಿರುತ್ತದೆ. ಬಾಣಂತಿಯಾದಾಗ ಮನಸ್ಸಿನ ಆರೋಗ್ಯ ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದರೆ ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿ. ಗಂಡನಿಗೋ ಆಫೀಸಿನ ಸಹೋದ್ಯೋಗಿಯೊಂದಿಗೆ ಸಂಬಂಧ. ಅವಳು ಮತ್ತೆ ಅದೇ ಆಸ್ಪತ್ರೆಗೆ ಮರಳುತ್ತಾಳೆ. ಹೆಣ್ಣಿನ ಹಳೆಯ ನೆನಪಿಗೆ ಹುಚ್ಚಾಸ್ಪತ್ರೆ, ಗಂಡಿನ ಇಂದಿನ ಸಂಬಂಧಕ್ಕೆ ಯಾವ ಶಿಕ್ಷೆಯೂ ಇಲ್ಲ. ತ್ರಿವೇಣಿಯವರು ಇದನ್ನು ಕೂಗಿ ಹೇಳಲಿಲ್ಲ, ಹಾಗಾಗಿಯೇ ನನ್ನ ಮನಸ್ಸಿನಲ್ಲಿ ಉಳಿದಿದೆ.

ಇಂದಿನ ಧಾರಾವಾಹಿಗಳನ್ನು ನೋಡಿ. 2020ರಲ್ಲಿ ಶುರುವಾದ ಹಿಂದಿಯ ‘ಅನುಪಮಾ’ದಲ್ಲಿ ಗಂಡನಿಗೆ ಆಫೀಸಿನಾಕೆಯ ಜೊತೆ ಸಂಬಂಧ. 2022ರಲ್ಲಿ ಶುರುವಾದ ಕನ್ನಡದ ‘ಭಾಗ್ಯಲಕ್ಷ್ಮಿ’ಯಲ್ಲೂ ಹೆಂಡತಿ ಮನೆಯಲ್ಲಿ, ಗಂಡನ ಮನಸ್ಸು ಹೊರಗೆ. ಐವತ್ತು ವರ್ಷವಾದರೂ ಆಫೀಸಿನಾಕೆ ನಿವೃತ್ತಿಯಾಗಿಲ್ಲ. ಕತೆ ವರ್ಷಗಟ್ಟಲೆ ಓಡಬೇಕೆಂದರೆ ಗಂಡ ಪೂರ್ತಿ ಹೋಗಲೂಬಾರದು, ಪೂರ್ತಿ ಬರಲೂಬಾರದು. ಆ ಮಧ್ಯದ ನೋವಿನಲ್ಲೇ ಟಿಆರ್‌ಪಿ ಇರುವುದು. ಇನ್ನು ಉರ್ದು ಬಲ್ಲ ನಮ್ಮ ಮನೆಗಳಲ್ಲಿ 2019–20ರಲ್ಲಿ ಪಾಕಿಸ್ತಾನಿ ನಾಟಕ ‘ಮೇರೆ ಪಾಸ್ ತುಮ್ ಹೋ’ ಯೂಟ್ಯೂಬಿನಲ್ಲಿ ನೋಡದವರು ಕಡಿಮೆ. ಅದರಲ್ಲಿ ಬಡ ಗಂಡನನ್ನು ಬಿಟ್ಟು ಶ್ರೀಮಂತನ ಬಳಿ ಹೋಗುವವಳು ಹೆಂಡತಿ. ಅಂಗಡಿ ಕಟ್ಟೆಯಲ್ಲಿ ಕೂರುವ ಗಂಡಸರೂ ಅದರ ಬಗ್ಗೆ ಮಾತಾಡುತ್ತಿದ್ದರು. ಗಂಡ ಹೋದರೆ ಹೆಂಡತಿಯ ತಾಳ್ಮೆಯ ಕತೆ, ಹೆಂಡತಿ ಹೋದರೆ ಅವಳ ದ್ರೋಹದ ಕತೆ. ಸೂರಃ ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಪುರುಷರಿಗೆ, 30ನೇ ಆಯತ್. ಹೆಂಗಸರಿಗೆ 31ರಲ್ಲಿ. ಉಪದೇಶ ಮಾಡುವಾಗ ನಾವು 31ರಿಂದ ಶುರು ಮಾಡುತ್ತೇವೆ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ರದ್ದು ಮಾಡಿದಾಗ ಇನ್ನು ಎಲ್ಲಕ್ಕೂ ಅನುಮತಿ ಸಿಕ್ಕಿತು ಎಂದು ಹಲವರು ಗಾಬರಿಯಾದರು. ಆ ಹಳೆಯ ಕಲಮಿನಲ್ಲಿ ಗಂಡನ ಸಮ್ಮತಿಯಿದ್ದರೆ ಅಪರಾಧವೇ ಆಗುತ್ತಿರಲಿಲ್ಲ ಎಂಬುದನ್ನು ಎಷ್ಟು ಜನ ಬಲ್ಲರು? ಹೆಂಡತಿಯನ್ನು ಗಂಡನ ಸೊತ್ತೆಂದು ನೋಡಿದ ಕಾನೂನದು. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ವ್ಯಭಿಚಾರ ಈಗಲೂ ವಿಚ್ಛೇದನಕ್ಕೆ ಕಾರಣವಾಗುತ್ತದೆ, ಧರ್ಮದಲ್ಲಿ ಅದರ ಸ್ಥಾನವೂ ಬದಲಾಗಿಲ್ಲ.

ಇಷ್ಟಕ್ಕೂ ಹೆಂಗಸರು ಇಂಥ ಕತೆಗಳನ್ನು ಯಾಕೆ ಓದುತ್ತಾರೆ? ಜಾನಿಸ್ ರಾಡ್ವೇ ಎಂಬ ಅಮೆರಿಕನ್ ವಿದ್ವಾಂಸೆ ಪ್ರೇಮ ಕಾದಂಬರಿ ಓದುವ ಗೃಹಿಣಿಯರನ್ನೇ ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಆ ಗೃಹಿಣಿಯರಿಗೆ ಕತೆಗಿಂತ ಮುಖ್ಯವಾಗಿದ್ದದ್ದು ಓದುವ ಹೊತ್ತು. ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಯಾರೂ ಅವರಿಂದ ಏನನ್ನೂ ಬೇಡುವುದಿಲ್ಲ. ಇನ್ನು ಕತೆಯ ನಾಯಕನಲ್ಲಿ ಅವರಿಗೆ ಇಷ್ಟವಾಗುತ್ತಿದ್ದುದು ಅವನು ನಾಯಕಿಯನ್ನು ಗಮನಿಸುವ ರೀತಿ, ಅವಳ ಬಗ್ಗೆ ತೋರುವ ಕಾಳಜಿ. ದಿನವಿಡೀ ಎಲ್ಲರ ಹೊಟ್ಟೆ ನೋಡಿಕೊಳ್ಳುವವಳ ಹೊಟ್ಟೆಯನ್ನು ಕೇಳುವವರು ಯಾರು? ಮದ್ದೂರಿನವಳ ಮುಖವಿಲ್ಲದ ಮನುಷ್ಯ ಕೇಳಿದ್ದೂ ಅದನ್ನೇ ಅಲ್ಲವೇ?

ಖಲೀಫಾ ಉಮರ್(ರ)ರ ಒಂದು ಘಟನೆ ನಿಮಗೆಲ್ಲ ಗೊತ್ತಿರುತ್ತದೆ. ರಾತ್ರಿ ಮದೀನದ ಬೀದಿಯಲ್ಲಿ ಗಸ್ತು ತಿರುಗುವಾಗ ಒಂದು ಮನೆಯಿಂದ ಹೆಣ್ಣಿನ ಹಾಡು ಕೇಳಿಸಿತು. ಗಂಡ ದಂಡಿನಲ್ಲಿದ್ದಾನೆ. ಅಲ್ಲಾಹನ ಭಯವೊಂದು ಇಲ್ಲದಿದ್ದರೆ ಈ ಮಂಚದಲ್ಲಿ ಬೇರೆಯವರಿರುತ್ತಿದ್ದರು ಎಂಬ ಅರ್ಥದ ಹಾಡು. ನಮ್ಮೂರಿನಲ್ಲಾಗಿದ್ದರೆ ಮರುದಿನ ಜಮಾಅತಿನಲ್ಲಿ ಅವಳ ಹೆಸರು ಬರುತ್ತಿತ್ತು. ಉಮರ್(ರ)ರು ನೇರ ಮಗಳು ಹಫ್ಸಾ(ರ)ರ ಬಳಿ ಹೋಗಿ, ಹೆಣ್ಣು ಗಂಡನನ್ನು ಬಿಟ್ಟು ಎಷ್ಟು ಕಾಲ ಇರಬಲ್ಲಳು ಎಂದು ಕೇಳಿದರು. ತಂದೆ ಮಗಳನ್ನು ಕೇಳುವ ಮಾತೇ ಅದು? ಆದರೂ ಕೇಳಿದರು, ಮಗಳೂ ಉತ್ತರಿಸಿದರು. ನಾಲ್ಕು ತಿಂಗಳೆಂದು ಕೆಲವು ವರದಿಗಳಲ್ಲಿದೆ, ಆರೆಂದು ಇನ್ನು ಕೆಲವುಗಳಲ್ಲಿ. ಸೈನಿಕರನ್ನು ಅದಕ್ಕಿಂತ ಹೆಚ್ಚು ಕಾಲ ದೂರ ಇರಿಸಬಾರದೆಂದು ಆಜ್ಞೆ ಹೊರಟಿತು. ಹಾಡಿದವಳನ್ನು ಯಾರೂ ಶಿಕ್ಷಿಸಲಿಲ್ಲ, ಬದಲಾದದ್ದು ಗಂಡಸರ ರಜೆಯ ನಿಯಮ. ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಲಾರಿಯಲ್ಲಿ, ಗಲ್ಫಿನಲ್ಲಿ, ಬೆಂಗಳೂರಿನ ಗ್ಯಾರೇಜುಗಳಲ್ಲಿ ದುಡಿಯುವ ಗಂಡಂದಿರ ಮನೆಗಳನ್ನು ನಾನು ಕಂಡಿದ್ದೇನೆ. ಹಣ ತಪ್ಪದೆ ಬರುತ್ತದೆ.

ಆದರೆ ಒಂದು ಕಡೆ ಎಚ್ಚರ ಹೇಳದೆ ಇರಲಾರೆ. ಮುಖವಿಲ್ಲದವನಿಗೆ ಮುಖ ಬರುವ ದಿನವೊಂದಿದೆ. ದಾಂಪತ್ಯ ದ್ರೋಹದ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಶೆರ್ಲಿ ಗ್ಲಾಸ್ ತಮ್ಮ 2003ರ ಪುಸ್ತಕದಲ್ಲಿ ಕಿಟಕಿ ಮತ್ತು ಗೋಡೆಯ ಹೋಲಿಕೆ ಕೊಡುತ್ತಾರೆ. ಗಂಡ ಹೆಂಡಿರ ನಡುವೆ ಕಿಟಕಿ ಇರಬೇಕು, ಹೊರಗಿನವರ ಕಡೆಗೆ ಗೋಡೆ. ಮನೆಯ ದುಃಖವನ್ನು ಹೊರಗಿನ ಗಂಡಸಿಗೆ ಹೇಳಿಕೊಂಡು, ಹೇಳಿಕೊಂಡದ್ದನ್ನು ಗಂಡನಿಂದ ಮುಚ್ಚಿಟ್ಟ ದಿನ ಗೋಡೆ ಒಳಗೆ ಬಂತು, ಕಿಟಕಿ ಹೊರಗೆ ಹೋಯಿತು. ಹೀಗೆ ಜಾರುವವರೆಲ್ಲ ಕೆಟ್ಟವರಲ್ಲ, ಸುಖಸಂಸಾರಿಗಳೂ ಜಾರುತ್ತಾರೆ ಎಂದೂ ಅವರು ಬರೆಯುತ್ತಾರೆ. ಗಂಡನ ಕಡೆಯ ಬಂಧುಗಳ ವಿಷಯದಲ್ಲಿ ಪ್ರವಾದಿ(ಸ)ಯವರು ಅದು ಮೃತ್ಯು ಎಂದಷ್ಟು ಕಠಿಣವಾಗಿ ಹೇಳಿದ್ದೇಕೆಂದರೆ ಅಪಾಯ ದೂರದಿಂದ ಬರುವುದಕ್ಕಿಂತ ಹೆಚ್ಚಾಗಿ ಸಲಿಗೆಯಿಂದ ಬರುತ್ತದೆ. ಮೈದುನ ಅತ್ತಿಗೆಯ ಕತೆಗಳನ್ನು ಗೊತ್ತಿದ್ದೂ ಬರೆದು ಮಾರುವವರ ಬಗ್ಗೆ ನನಗೆ ಗೌರವವಿಲ್ಲ. ಇನ್ನು ಫೋನಿನಲ್ಲಿ ಪರಿಚಯವಾದವನು ಫೋಟೋ ಕೇಳಿದರೆ, ಆಮೇಲೆ ಅದನ್ನಿಟ್ಟು ಹೆದರಿಸಿದರೆ ಮರ್ಯಾದೆಗೆ ಅಂಜಿ ಹಣ ಕೊಡುತ್ತಾ ಕೂರಬೇಡಿ. ಸೈಬರ್ ಅಪರಾಧಕ್ಕೆ 1930, ಮಹಿಳಾ ಸಹಾಯವಾಣಿ 181. ತಪ್ಪು ನಿಮ್ಮಿಂದಾಗಿದ್ದರೂ ಬೆದರಿಸುವುದು ಅವನ ಅಪರಾಧವೇ.

ಮದ್ದೂರಿನವಳಿಗೆ ನಾನು ಮೊದಲು ಹೇಳಿದ್ದು, ಶುಕ್ರವಾರ ಗಂಡನಿಗೆ ಏನನ್ನೂ ಹೇಳಬೇಡ ಎಂದು. ಅವಳಿಗೆ ಆಶ್ಚರ್ಯವಾಯಿತು. ನಿಜ ಹೇಳುವುದು ಒಳ್ಳೆಯದಲ್ಲವೇ ಆಪಾ ಎಂದಳು. ಅಲ್ಲಾಹನು ಮುಚ್ಚಿಟ್ಟ ಪಾಪವನ್ನು ತಾನಾಗಿ ಬಯಲು ಮಾಡುವವರನ್ನು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ನೀನು ಮಾಡಿಯೇ ಇಲ್ಲದ್ದನ್ನು ಲಾರಿಯಿಂದ ಇಳಿದು ಬಂದ ದಣಿದ ಮನುಷ್ಯನ ತಲೆಗೆ ತುಂಬಿದರೆ ನಿನ್ನ ಕನಸಿನ ಮುಖವಿಲ್ಲದವನಿಗೆ ಅವನು ಊರಿನಲ್ಲಿರುವ ಒಂದೊಂದೇ ಮುಖವನ್ನು ಅಂಟಿಸುತ್ತಾ ಹೋಗುತ್ತಾನೆ, ಇದು ಪ್ರಾಮಾಣಿಕತೆಯಲ್ಲ ಎಂದೆ. ನಮಾಝಿನಲ್ಲಿ ಯೋಚನೆ ಬಂದರೆ ಜಗಳಕ್ಕೆ ನಿಲ್ಲಬೇಡ, ಬಂದವನು ಬಾಗಿಲಲ್ಲಿ ನಿಂತಿರಲಿ, ನೀನು ಓದುವ ಆಯತ್ ಮುಂದುವರಿಸು ಎಂದೆ. ಆ ಕತೆಗಳನ್ನು ನಿಲ್ಲಿಸು ಎಂದೂ ಹೇಳಿದೆ. ಅದು ಹಿಟ್ಟು ಕಲಸುವ ಕೆಲಸ. ಆದರೆ ವ್ಯಾನಿನ ಮುಕ್ಕಾಲು ಗಂಟೆ ನಿನ್ನದು, ಅದನ್ನು ಬಿಟ್ಟುಕೊಡಬೇಡ, ಬೇರೆ ಓದು ಎಂದೆ. 'ಶರಪಂಜರ' ಕೊಟ್ಟು ಕಳಿಸಿದ್ದೇನೆ. ಸರಿಯಾದ ಪುಸ್ತಕವೋ ಅಲ್ಲವೋ ಎಂಬ ಅನುಮಾನ ಈಗಲೂ ಇದೆ. ಹದಿನೈದು ದಿನವಾದರೂ ನಿದ್ದೆ ಬಾರದಿದ್ದರೆ, ಮೈ ತೊಳೆದಷ್ಟೂ ಸಾಲದೆಂಬ ಭಾವ ಬಂದರೆ 14416ಕ್ಕೆ ಕರೆ ಮಾಡು, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಇಲ್ಲವೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ ಎಂದೆ.

ಕೊನೆಗೆ ಇನ್ನೊಂದು ಮಾತು ಹೇಳಿದೆ. ಗಂಡ ಬಂದಾಗ ಪಾಪದ ಬಗ್ಗೆ ಹೇಳಬೇಡ, ಹಸಿವಿನ ಬಗ್ಗೆ ಹೇಳು. ರಾತ್ರಿ ಎಲ್ಲೇ ಲಾರಿ ನಿಲ್ಲಿಸಿದರೂ ಐದು ನಿಮಿಷ ಫೋನ್ ಮಾಡಿ, ನನ್ನ ಜೊತೆ ಮಾತಾಡಿ ಎಂದು ಕೇಳು. ನಾಚಿಕೆಯಾಗುತ್ತದೆ ಆಪಾ ಎಂದಳು. ಪರಪುರುಷನ ಕನಸಿಗೆ ಅತ್ತವಳಿಗೆ ಸ್ವಂತ ಗಂಡನನ್ನು ಫೋನ್ ಮಾಡಿ ಎಂದು ಕೇಳಲು ನಾಚಿಕೆ! ನಾವು ಹೆಣ್ಣುಮಕ್ಕಳನ್ನು ಬೆಳೆಸುವ ರೀತಿ ಇದು.

ಮೂರು ವಾರ ಅವಳು ತರಗತಿಗೆ ಬರಲಿಲ್ಲ. ಹಳೆಯ ನೆನಪಿನಿಂದ ನನಗೆ ಒಳಗೊಳಗೇ ಹೆದರಿಕೆಯಾಗಿತ್ತು. ನಾಲ್ಕನೆಯ ಭಾನುವಾರ ಮದ್ದೂರಿನ ಬಸ್ಸಿನಿಂದ ಇಳಿದು ಬಂದಳು, ಮಗುವಿಗೆ ಜ್ವರವಿತ್ತಂತೆ. ಚಾಪೆ ಮಡಚುವಾಗ ಮತ್ತೆ ಹಿಂದೆ ಉಳಿದಳು.

“ಸೊಲ್ಲಾಪುರದಿಂದ ಫೋನ್ ಮಾಡಿದ್ರು ಆಪಾ.”

“ಏನು ಕೇಳಿದರು?”

“ಗ್ಯಾಸ್ ಬುಕ್ ಮಾಡಿದ್ಯಾ ಅಂತ ಕೇಳಿದ್ರು” ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, “ಮಾರನೇ ದಿನಾನೂ ಮಾಡಿದ್ರು” ಎಂದಳು.